ಗೈರಾಂಗರ್ ಫಿಯೋರ್ಡ್‌ನಲ್ಲಿ ಕ್ರೂಸ್ ಹಡಗಿನ ಒಂದು ದಿನ: ನಸುಕಿನಿಂದ ರಾತ್ರಿವರೆಗಿನ ಸಮಗ್ರ ಮಾರ್ಗದರ್ಶಿ

ನಾರ್ವೆ ಕ್ರೂಸ್ ಮುಗಿಸಿ ಬಂದವರನ್ನು ಗೈರಾಂಗರ್ ಹೇಗಿತ್ತು ಅಂತ ಕೇಳಿ ನೋಡಿ. ಹಡಗಿನಿಂದ ಇಳಿದು ಹತ್ತಿದ ಬಸ್ಸು, ಬೆಟ್ಟದ ಮೇಲಿನ ವ್ಯೂ ಪಾಯಿಂಟ್, ಅಂಗಡಿಯಲ್ಲಿ ಕೊಂಡ ಸ್ವೆಟರ್ ಬಗ್ಗೆ ಹೇಳುತ್ತಾರೆ. ಹಡಗು ಆ ಊರಿಗೆ ಬಂದ ದಾರಿಯ ಬಗ್ಗೆ ಕೇಳಿದರೆ ಹೆಚ್ಚಿನವರಿಗೆ ಹೇಳಲು ಏನೂ ಇರುವುದಿಲ್ಲ. ಆ ಹೊತ್ತಿಗೆ ಅವರು ಮಲಗಿದ್ದರು, ಇಲ್ಲವೇ ತಿಂಡಿಯ ಸಾಲಿನಲ್ಲಿ ನಿಂತಿದ್ದರು. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಅಷ್ಟು ದುಡ್ಡು ಸುರಿದು, ವೀಸಾಕ್ಕೆ ಓಡಾಡಿ, ಅಷ್ಟು ದೂರ ಹೋಗಿ, ನೋಡಲೇಬೇಕಾದ ಗಂಟೆಗಳನ್ನೇ ಕಳೆದುಕೊಂಡರೆ ಹೇಗೆ?

ಹಾಗಾಗಿ ಈ ಬರಹದಲ್ಲಿ ದಿನವನ್ನು ಜೋಡಿಸುವ ಕ್ರಮವೇ ಬೇರೆ. ಫಿಯೋರ್ಡ್ ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳಗೆ ಚಾಚಿದ ಸಮುದ್ರದ ಕವಲು. ಹಡಗು ಅದರ ಒಳಗೆ ಬರುವ ಹೊತ್ತು ಯಾವುದು, ಹೊರಗೆ ಹೋಗುವ ಹೊತ್ತು ಯಾವುದು, ಇವೆರಡನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಆ ಹೊತ್ತಿನಲ್ಲಿ ಡೆಕ್, ಅಂದರೆ ಹಡಗಿನ ತೆರೆದ ಮಹಡಿ, ಬಿಟ್ಟು ಕದಲಬೇಡಿ. ತಿಂಡಿ, ಊಟ, ಬಸ್ಸು, ಶಾಪಿಂಗ್ ಎಲ್ಲವನ್ನೂ ಅದರ ನಡುವೆ ಹೊಂದಿಸಿಕೊಳ್ಳಬಹುದು.

## ಹೋಗುತ್ತಿರುವ ಜಾಗ ಎಂಥದ್ದು

ಹಿಮಯುಗದಲ್ಲಿ ಹಿಮನದಿಗಳು ಬಂಡೆಯನ್ನು ಆಳವಾಗಿ ಕೊರೆದವು. ಹಿಮ ಕರಗಿ ಹಿಂದೆ ಸರಿದಾಗ ಆ ಕಣಿವೆಗಳಿಗೆ ಸಮುದ್ರದ ನೀರು ನುಗ್ಗಿತು. ಅದೇ ಫಿಯೋರ್ಡ್. ನದಿ ಕೊರೆದ ಕಣಿವೆಗಿಂತ ಇದರ ಗೋಡೆಗಳು ಕಡಿದಾಗಿರುತ್ತವೆ. ಆ ಕಡಿದಾದ ಗೋಡೆ ನೀರಿನ ಮಟ್ಟಕ್ಕೆ ಬಂದು ನಿಲ್ಲುವುದಿಲ್ಲ, ನೀರಿನೊಳಗೂ ಹಾಗೇ ಇಳಿಯುತ್ತದೆ. ಗೈರಾಂಗರ್‌ನಲ್ಲಿ ನೀರಿನ ಆಳ ಸುಮಾರು 260 ಮೀಟರ್‌ವರೆಗೂ ಇದೆ. ಅದಕ್ಕೇ ಹತ್ತು ಹದಿನೈದು ಮಹಡಿಯ ಹಡಗು ಕೂಡ ಬಂಡೆಗೋಡೆಯ ಪಕ್ಕದಲ್ಲೇ ನೆಮ್ಮದಿಯಾಗಿ ಸಾಗುತ್ತದೆ.

ಗೈರಾಂಗರ್ ಫಿಯೋರ್ಡ್ ಸುಮಾರು 15 ಕಿಲೋಮೀಟರ್ ಉದ್ದ. ಅದು ನೇರ ಸಮುದ್ರಕ್ಕೆ ತೆರೆದಿಲ್ಲ. ಹೊರಗಿನ ಸಮುದ್ರದಿಂದ ಮೊದಲು ಸ್ಟೋರ್‌ಫಿಯೋರ್ಡ್, ಅದರ ಕವಲಾಗಿ ಸುನ್ನುಲ್ವ್ಸ್ ಫಿಯೋರ್ಡ್, ಅದರ ಕವಲಾಗಿ ಗೈರಾಂಗರ್. ಒಟ್ಟು ದಾರಿ ಸುಮಾರು 100 ಕಿಲೋಮೀಟರ್. 2005ರಲ್ಲಿ ಯುನೆಸ್ಕೋ ಇದನ್ನೂ, ಇನ್ನೂ ದಕ್ಷಿಣಕ್ಕಿರುವ ನೇರೊಯ್ ಫಿಯೋರ್ಡ್ ಅನ್ನೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು. ಉದ್ದದಲ್ಲಿ ಸೋಗ್ನೆ ಫಿಯೋರ್ಡ್ ದೊಡ್ಡದು, 200 ಕಿಲೋಮೀಟರ್‌ಗೂ ಜಾಸ್ತಿ. ಆದರೆ ಹಡಗಿನ ಡೆಕ್ ಮೇಲೆ ನಿಂತು ಎರಡೂ ಬದಿಯ ಗೋಡೆಗಳನ್ನು ಇಷ್ಟು ಹತ್ತಿರದಿಂದ ನೋಡಬೇಕೆಂದರೆ ನನ್ನ ಆಯ್ಕೆ ಗೈರಾಂಗರ್.

## ಬುಕ್ ಮಾಡುವಾಗಲೇ ತೀರ್ಮಾನಿಸಬೇಕಾದದ್ದು

ಮೊದಲು ತಿಂಗಳು. ಇಲ್ಲಿಯ ಜಲಪಾತಗಳು ಮುಖ್ಯವಾಗಿ ಹಿಮ ಕರಗಿದ ನೀರಿನಿಂದ ತುಂಬುತ್ತವೆ. ನಮ್ಮ ಜೋಗಕ್ಕೆ ಮಳೆಗಾಲ ಹೇಗೋ ಇವಕ್ಕೆ ಮೇ ಕೊನೆಯಿಂದ ಜುಲೈ ಶುರುವಿನವರೆಗಿನ ವಾರಗಳು ಹಾಗೆ. ಆಗಸ್ಟ್ ಕೊನೆಗೆ ಹೋದರೆ ಗುಂಪು ಕಡಿಮೆ, ಆದರೆ ಕೆಲವು ಧಾರೆಗಳು ನೂಲಿನಷ್ಟು ತೆಳ್ಳಗಾಗಿರುತ್ತವೆ. ಜೂನ್‌ಗೆ ಇನ್ನೊಂದು ಲಾಭವಿದೆ. ಬೆಳಗಿನ ಜಾವ ನಾಲ್ಕಕ್ಕೆಲ್ಲ ಬೆಳಕಾಗಿರುತ್ತದೆ, ರಾತ್ರಿ ಹತ್ತು ದಾಟಿದರೂ ಕತ್ತಲಾಗುವುದಿಲ್ಲ. ಹಡಗು ಎಷ್ಟು ಬೇಗ ಒಳಗೆ ಬಂದರೂ ಕಾಣುತ್ತದೆ.

ಎರಡನೆಯದು ಸಮಯ. ಹಡಗು ಗೈರಾಂಗರ್ ತಲುಪುವ, ಬಿಡುವ ಸಮಯ ಎರಡನ್ನೂ ವೇಳಾಪಟ್ಟಿಯಲ್ಲಿ ನೋಡಿ. ಬೆಳಿಗ್ಗೆ 7ಕ್ಕೆ ತಲುಪುವ ಹಡಗಿಗಿಂತ 10ಕ್ಕೆ ತಲುಪುವ ಹಡಗು ಮಕ್ಕಳು, ಹಿರಿಯರು ಇರುವ ಮನೆಯವರಿಗೆ ಅನುಕೂಲ.

ಬಾಲ್ಕನಿ ರೂಮು ಎಡಕ್ಕೋ ಬಲಕ್ಕೋ ಅಂತ ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಹಡಗು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಬರುವಾಗ ಎಡಕ್ಕಿದ್ದದ್ದು ಹೋಗುವಾಗ ಬಲಕ್ಕೆ ಬರುತ್ತದೆ. ಬದಿಗಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ. ಅದೂ ಅಲ್ಲದೆ ಬಾಲ್ಕನಿಯಿಂದ ಅರ್ಧ ಫಿಯೋರ್ಡ್ ಮಾತ್ರ ಕಾಣುತ್ತದೆ. ಕಿಟಕಿಯಿಲ್ಲದ ಒಳರೂಮು ತೆಗೆದುಕೊಂಡು, ಉಳಿದ ದುಡ್ಡಿನಲ್ಲಿ ಒಳ್ಳೆಯ ಜಾಕೆಟ್ ಮತ್ತು ಬೈನಾಕ್ಯುಲರ್ ಕೊಂಡವರಿಗೂ ಈ ದಿನ ಏನೂ ಕಡಿಮೆಯಾಗುವುದಿಲ್ಲ.

ವೀಸಾ ವಿಷಯದಲ್ಲಿ ಎಚ್ಚರ ಬೇಕು. ನಾರ್ವೆ ಐರೋಪ್ಯ ಒಕ್ಕೂಟದಲ್ಲಿ ಇಲ್ಲ, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿದೆ. ಕೀಲ್, ಹ್ಯಾಂಬರ್ಗ್, ಕೋಪನ್‌ಹೇಗನ್‌ನಿಂದ ಹೊರಡುವ ಹಡಗಿಗೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಸೌತಾಂಪ್ಟನ್‌ನಿಂದ ಹೊರಡುವುದಾದರೆ ಬ್ರಿಟನ್ ವೀಸಾವೂ ಬೇಕು. ಮಧ್ಯೆ ಸ್ಕಾಟ್ಲೆಂಡ್‌ನ ಬಂದರಿನಲ್ಲಿ ನಿಂತು ಮತ್ತೆ ನಾರ್ವೆಗೆ ಬರುವ ಹಡಗೂ ಉಂಟು. ಹಾಗಾಗಿ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಅವಕಾಶವಿರುವ ವೀಸಾವನ್ನೇ ಕೇಳಿ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. ಬೇಸಿಗೆಯಲ್ಲಿ ಅರ್ಜಿಗಳ ರಾಶಿ ಇರುತ್ತದೆ, ತಡ ಮಾಡಬೇಡಿ.

ಊಟದ ಬಗ್ಗೆ ಹಡಗಿನ ಕಂಪನಿಗೆ ಮೊದಲೇ ಬರೆದು ತಿಳಿಸಿ. ಬರೀ ವೆಜಿಟೇರಿಯನ್ ಅಂದರೆ ಸಾಲದು. ಮೊಟ್ಟೆ ಬೇಡ, ಮೀನಿನ ಸಾರು ಬೇಡ, ಹಾಲು ಮೊಸರು ಆಗುತ್ತದೆ ಅಂತ ಬಿಡಿಸಿ ಹೇಳಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಅದನ್ನೂ ಸೇರಿಸಿ. ಹಡಗು ಹತ್ತಿದ ಮೊದಲ ರಾತ್ರಿ ಊಟದ ಹಾಲ್‌ನ ಮುಖ್ಯ ವೇಟರ್ ಹತ್ತಿರ ಮತ್ತೊಮ್ಮೆ ಹೇಳಿದರೆ ಮರುದಿನದಿಂದ ಬೇರೆಯಾಗಿ ಮಾಡಿಕೊಡುತ್ತಾರೆ. ಕೆಟಲ್, ಸಣ್ಣ ಕುಕ್ಕರ್ ತೆಗೆದುಕೊಂಡು ಹೋಗಬೇಡಿ. ಬೆಂಕಿಯ ಭಯದಿಂದ ಹೆಚ್ಚಿನ ಹಡಗುಗಳಲ್ಲಿ ಬ್ಯಾಗ್ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಬಫೆಯಲ್ಲಿ ಬಿಸಿನೀರು ಯಾವಾಗಲೂ ಸಿಗುತ್ತದೆ. ಬಿಸಿನೀರು ಹಾಕಿದರೆ ಸಾಕು ಅನ್ನುವಂಥ ಉಪ್ಪಿಟ್ಟು, ಅವಲಕ್ಕಿ ಪ್ಯಾಕೆಟ್ ಇದ್ದರೆ ಆ ನಸುಕಿನಲ್ಲಿ ತುಂಬಾ ಉಪಯೋಗ.

## ಹಿಂದಿನ ರಾತ್ರಿ ಮಾಡಬೇಕಾದ ಕೆಲಸ

ಮರುದಿನದ ಕಾರ್ಯಕ್ರಮದ ಹಾಳೆ ಸಂಜೆಯೇ ರೂಮಿಗೆ ಬರುತ್ತದೆ, ಇಲ್ಲವೇ ಹಡಗಿನ ಆ್ಯಪ್‌ನಲ್ಲಿ ಇರುತ್ತದೆ. ಅದರಲ್ಲಿ ಗೈರಾಂಗರ್ ತಲುಪುವ ಸಮಯ ನೋಡಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ತಲುಪುವುದಕ್ಕೆ ಸುಮಾರು ಒಂದೂವರೆ ಗಂಟೆ ಮೊದಲು ಹಡಗು ಗೈರಾಂಗರ್ ಫಿಯೋರ್ಡ್‌ನ ಬಾಯಿಗೆ ಬಂದಿರುತ್ತದೆ. ಅದಕ್ಕೂ ಒಂದು ಗಂಟೆ ಮೊದಲು ಸುನ್ನುಲ್ವ್ಸ್ ಫಿಯೋರ್ಡ್. ಅಂದರೆ 9ಕ್ಕೆ ತಲುಪುವ ಹಡಗಾದರೆ ಆರೂವರೆಗೆ ನೀವು ಡೆಕ್ ಮೇಲೆ ಇರಬೇಕು. ಐದೂವರೆಗೆ ಅಲಾರಂ ಇಡಿ. ಇದು ಅಂದಾಜು ಲೆಕ್ಕ. ಖಚಿತ ಸಮಯ ರಿಸೆಪ್ಷನ್‌ನಲ್ಲಿ ಕೇಳಿದರೆ ಹೇಳುತ್ತಾರೆ. ಮುಂದಿನ ತುದಿಯ ಡೆಕ್ ಆ ದಿನ ತೆರೆಯುತ್ತಾರಾ ಅಂತಲೂ ಅಲ್ಲೇ ಕೇಳಿ. ಬೇರೆ ದಿನ ಮುಚ್ಚಿರುವ ಆ ಜಾಗವನ್ನು ಕೆಲವು ಹಡಗುಗಳು ಫಿಯೋರ್ಡ್ ದಿನ ಮಾತ್ರ ಪ್ರಯಾಣಿಕರಿಗೆ ಬಿಡುತ್ತವೆ.

ಫೋನಿನಲ್ಲಿ ಈ ಪ್ರದೇಶದ ಮ್ಯಾಪ್ ಇಳಿಸಿಕೊಂಡಿರಿ. ಹಡಗಿನ ಸ್ಯಾಟಲೈಟ್ ಮೊಬೈಲ್ ನೆಟ್‌ವರ್ಕ್‌ಗೆ ಫೋನ್ ತಾನಾಗಿ ಸೇರಿಕೊಂಡರೆ ಬಿಲ್ ಸಾವಿರಗಟ್ಟಲೆ ಬರುತ್ತದೆ. ಅದಕ್ಕೆ ಏರೋಪ್ಲೇನ್ ಮೋಡ್‌ನಲ್ಲಿ ಇಡಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ. ಇಳಿಸಿಕೊಂಡ ಮ್ಯಾಪ್ ಮೇಲೆ ನಿಮ್ಮ ನೀಲಿ ಚುಕ್ಕೆ ಚಲಿಸುತ್ತಲೇ ಇರುತ್ತದೆ. ಯಾವ ತಿರುವು ಬಂತು, ಯಾವ ಜಲಪಾತ ಎದುರಿಗಿದೆ ಅಂತ ಯಾರನ್ನೂ ಕೇಳದೆ ಗೊತ್ತಾಗುತ್ತದೆ.

ಬಟ್ಟೆ ತೆಗೆದಿಟ್ಟು ಮಲಗಿ. ಬೇಸಿಗೆಯಲ್ಲಿ ಊರೊಳಗೆ 12 ರಿಂದ 18 ಡಿಗ್ರಿ ಇದ್ದರೂ, ಓಡುತ್ತಿರುವ ಹಡಗಿನ ಡೆಕ್ ಮೇಲೆ ಬೆಳಿಗ್ಗೆ ಆರಕ್ಕೆ ಬೀಸುವ ಗಾಳಿಯ ಚಳಿಯೇ ಬೇರೆ. ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಉಣ್ಣೆಯ ಸ್ವೆಟರ್, ಅದರ ಮೇಲೆ ಗಾಳಿ ಮಳೆ ಎರಡೂ ತಡೆಯುವ ಜಾಕೆಟ್. ಕಿವಿ ಮುಚ್ಚುವ ಟೋಪಿ, ತೆಳುವಾದ ಕೈಗವಸು. ಕೊಡೆ ಡೆಕ್ ಮೇಲೆ ನಿಲ್ಲುವುದಿಲ್ಲ. ಸೀರೆಯಲ್ಲೇ ಓಡಾಡುವ ಅಮ್ಮಂದಿರು ಒಳಗೆ ಥರ್ಮಲ್ ಲೆಗಿಂಗ್ಸ್, ಕಾಲಿಗೆ ಉಣ್ಣೆಯ ಸಾಕ್ಸ್ ಮತ್ತು ಜಾರದ ಶೂ ಹಾಕಿಕೊಂಡರೆ ಆರಾಮಾಗಿ ಎರಡು ಗಂಟೆ ನಿಲ್ಲಬಹುದು.

## ನಸುಕು: ಸ್ಟೋರ್‌ಫಿಯೋರ್ಡ್‌ನಿಂದ ಸುನ್ನುಲ್ವ್ಸ್‌ಗೆ

ಎದ್ದ ಕೂಡಲೇ ಫ್ಲಾಸ್ಕ್‌ಗೆ ಕಾಫಿ ತುಂಬಿಕೊಳ್ಳಿ. ಎರಡು ಬಾಳೆಹಣ್ಣು ಜೇಬಿಗಿರಲಿ. ತಿಂಡಿಯ ಹಾಲ್ ಆಮೇಲೂ ತೆರೆದಿರುತ್ತದೆ.

ಸ್ಟೋರ್‌ಫಿಯೋರ್ಡ್‌ನಲ್ಲಿ ದಡಗಳು ಇನ್ನೂ ಅಗಲ, ಬೆಟ್ಟಗಳು ಇನ್ನೂ ದೂರ. ಹಸಿರು ಹೊಲ, ಕೆಂಪು ಬಣ್ಣದ ಕೊಟ್ಟಿಗೆ, ಬಿಳಿ ಮನೆ, ದೋಣಿಮನೆ ಕಾಣುತ್ತವೆ. ಸ್ಟ್ರಾಂಡಾ ಎಂಬ ಊರು ಬಂದಾಗ ಗಮನಿಸಿ. ನಾರ್ವೆಯಲ್ಲಿ ಮನೆಮಾತಾಗಿರುವ ಗ್ರಾಂಡಿಯೋಸಾ ಎಂಬ ಫ್ರೋಜನ್ ಪಿಜ್ಜಾ 1980ರಿಂದ ತಯಾರಾಗುತ್ತಿರುವುದು ಈ ಪುಟ್ಟ ಊರಲ್ಲೇ. ಸ್ಟ್ರಾಂಡಾ ದಾಟಿದ ಮೇಲೆ ಹಡಗು ದಕ್ಷಿಣಕ್ಕೆ ಮುಖ ಮಾಡುತ್ತದೆ, ದಡಗಳು ಹತ್ತಿರವಾಗುತ್ತವೆ, ಹೊಲಗಳು ಮಾಯವಾಗುತ್ತವೆ. ಇದೇ ಸುನ್ನುಲ್ವ್ಸ್.

ಇಲ್ಲಿ ಬಲಬದಿಗೆ ಬನ್ನಿ. ಪಶ್ಚಿಮದ ಗೋಡೆಯಲ್ಲಿ ಓಕರ್‌ನೆಸೆಟ್ ಎಂಬ ಬೆಟ್ಟ ಬರುತ್ತದೆ. ನೋಡಲು ಉಳಿದ ಬೆಟ್ಟಗಳ ಹಾಗೇ ಇದೆ. ಆದರೆ ಅದರ ಮೇಲ್ಭಾಗದಲ್ಲಿ ಒಂದು ದೊಡ್ಡ ಬಿರುಕಿದೆ. ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಂತೆ ಅದು ಅಗಲವಾಗುತ್ತಿದೆ. ಬಂಡೆಯ ಆ ಭಾಗ ಒಮ್ಮೆಗೇ ಕುಸಿದು ನೀರಿಗೆ ಬಿದ್ದರೆ ಏಳುವ ಅಲೆ ಹೆಲ್ಲೆಸುಲ್ಟ್, ಗೈರಾಂಗರ್ ಊರುಗಳ ತಗ್ಗಿನ ಭಾಗವನ್ನೆಲ್ಲ ಕೊಚ್ಚಿಕೊಂಡು ಹೋಗಬಹುದು. ಇದು ಬರೀ ಊಹೆಯಲ್ಲ. ಪಕ್ಕದ ಟಾಫಿಯೋರ್ಡ್‌ನಲ್ಲಿ 1934ರ ಏಪ್ರಿಲ್ 7ರ ರಾತ್ರಿ ಹೀಗೇ ಬಂಡೆ ಕುಸಿದು, ಎದ್ದ ಅಲೆಗೆ 40 ಜನ ಸತ್ತರು. ಅದಕ್ಕೇ ಓಕರ್‌ನೆಸೆಟ್ ಮೇಲೆ ಹಗಲೂ ರಾತ್ರಿ ಉಪಕರಣಗಳ ಕಣ್ಣಿದೆ. ಚಲನೆ ಜೋರಾದರೆ ಜನರನ್ನು ಮೊದಲೇ ಸ್ಥಳಾಂತರಿಸುವ ವ್ಯವಸ್ಥೆ ಇದೆ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಈ ಗೋಡೆಗಳು ಸುಮ್ನೆ ನಿಂತ ಚಿತ್ರವಲ್ಲ, ಈಗಲೂ ಬದಲಾಗುತ್ತಿವೆ ಅಂತ ತಿಳಿದು ನೋಡಿದರೆ ನೋಟವೇ ಬೇರೆಯಾಗುತ್ತದೆ.

ಈ ದಾರಿಯಲ್ಲಿ ಹಡಗಿನ ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಕ್ಯಾಪ್ಟನ್ ಜೊತೆಗೆ ದಾರಿ ತೋರಿಸುವ ನಾರ್ವೆಯ ಪೈಲಟ್ ಕೂಡ ಇರುತ್ತಾರೆ. ಕರಾವಳಿಯ ನೀರಿಗೆ ಬರುವ ದೊಡ್ಡ ಹಡಗುಗಳಿಗೆ ಇದು ಕಡ್ಡಾಯ. ಇಲ್ಲಿಯ ತಿರುವು, ಗಾಳಿ, ಆಳ ಎಲ್ಲ ಬಲ್ಲವರು ಅವರು.

## ಎಡಕ್ಕೆ ತಿರುಗಿದ ಮೇಲಿನ ಒಂದು ಗಂಟೆ

ನೇರ ಹೋದರೆ ಹೆಲ್ಲೆಸುಲ್ಟ್. ಹಡಗು ಎಡಕ್ಕೆ ತಿರುಗಿದರೆ ಗೈರಾಂಗರ್. ಈ ತಿರುವಿನ ಹೊತ್ತಿಗೆ ನೀವು ಮೇಲಿನ ತೆರೆದ ಡೆಕ್‌ನ ಮುಂಭಾಗದಲ್ಲಿರಬೇಕು. ಮುಂದೆ ಬಂಡೆಯ ಗೋಡೆ ದಾರಿ ಮುಚ್ಚಿದಂತೆ ಕಾಣುತ್ತದೆ. ಹಡಗು ತಿರುಗುತ್ತಾ ಹೋದಂತೆ ಬಾಗಿಲು ತೆರೆದ ಹಾಗೆ ದಾರಿ ಬಿಚ್ಚಿಕೊಳ್ಳುತ್ತದೆ.

ಕೆಲವು ಹಡಗುಗಳು ಇಲ್ಲಿಗೆ ಬರುವ ಮುಂಚೆ ಹೆಲ್ಲೆಸುಲ್ಟ್ ಎದುರು ಸ್ವಲ್ಪ ಹೊತ್ತು ನಿಂತು, ಬಸ್ ಟೂರ್ ತೆಗೆದುಕೊಂಡವರನ್ನು ಅಲ್ಲೇ ಇಳಿಸುತ್ತವೆ. ಅವರು ರಸ್ತೆಯಲ್ಲಿ ಬೆಟ್ಟ ಸುತ್ತಿ ಮಧ್ಯಾಹ್ನ ಗೈರಾಂಗರ್‌ನಲ್ಲಿ ಹಡಗು ಸೇರುತ್ತಾರೆ. ಟೂರ್ ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ತೆಗೆದುಕೊಂಡರೆ ಈ ಬೆಳಗಿನ ಗಂಟೆ ನಿಮ್ಮ ಕೈ ತಪ್ಪುತ್ತದೆ. ಬುಕ್ ಮಾಡುವಾಗ ಎಲ್ಲಿ ಇಳಿಸುತ್ತಾರೆ ಅಂತ ಕೇಳಿಕೊಳ್ಳಿ. ಗೈರಾಂಗರ್‌ನಿಂದಲೇ ಹೊರಡುವ ಟೂರ್ ಸಿಕ್ಕರೆ ಅದೇ ಒಳ್ಳೆಯದು.

ಎಲ್ಲಿ ನಿಲ್ಲಬೇಕು? ನನ್ನ ಸಲಹೆ ಇದು. ತಿರುವಿನಲ್ಲಿ ಮೇಲಿನ ಡೆಕ್‌ನ ಮುಂಭಾಗ. ಜಲಪಾತಗಳ ಹತ್ತಿರ ಬಂದಾಗ ಕೆಳಗಿನ ಪ್ರಾಮೆನೇಡ್ ಡೆಕ್, ಅಂದರೆ ನೀರಿಗೆ ಹತ್ತಿರವಿರುವ, ಹಡಗನ್ನು ಸುತ್ತುವರಿದ ನಡೆದಾಟದ ಜಾಗ. ಅಲ್ಲಿಂದ ಕತ್ತೆತ್ತಿ ನೋಡಿದಾಗಲೇ ಎತ್ತರದ ಅಂದಾಜು ಸಿಗುವುದು. ಹದಿನೈದನೆಯ ಮಹಡಿಯಿಂದ ನೋಡಿದರೆ ಅದೇ ಜಲಪಾತ ಕುಳ್ಳಗೆ ಕಾಣುತ್ತದೆ. ಎಲ್ಲರೂ ಮೇಲೆ ನೂಕುನುಗ್ಗಲಲ್ಲಿರುವಾಗ ಕೆಳಗೆ ಜಾಗವೂ ಖಾಲಿ ಇರುತ್ತದೆ. ಕೊನೆಗೆ ಒಂದು ಹತ್ತು ನಿಮಿಷ ಹಡಗಿನ ಹಿಂಭಾಗಕ್ಕೆ ಹೋಗಿ. ದಾಟಿ ಬಂದ ತಿರುವುಗಳು ಒಂದೊಂದಾಗಿ ಮುಚ್ಚಿಕೊಳ್ಳುವುದು ಅಲ್ಲಿಂದ ಮಾತ್ರ ಕಾಣುತ್ತದೆ.

ಹಿರಿಯರು ಗಾಳಿಯಲ್ಲಿ ನಿಲ್ಲಲಾರರು ಅಂದರೆ ಮೇಲೆ ಮುಂಭಾಗದಲ್ಲಿರುವ ಗಾಜಿನ ಲೌಂಜ್‌ನಲ್ಲಿ ಕೂರಿಸಿ. ಅಲ್ಲಿ ಸೀಟು ಬೇಗ ತುಂಬುತ್ತವೆ, ಮುಕ್ಕಾಲು ಗಂಟೆ ಮೊದಲೇ ಹೋಗಿ. ಆದರೆ ಸೆವೆನ್ ಸಿಸ್ಟರ್ಸ್ ಎಂಬ ಜಲಪಾತ ಬಂದಾಗ ಐದೇ ನಿಮಿಷಕ್ಕಾದರೂ ಅವರನ್ನು ಹೊರಗೆ ಕರೆತನ್ನಿ. ನೀರು ಬೀಳುವ ಸದ್ದು ಗಾಜಿನೊಳಗೆ ಕೇಳುವುದಿಲ್ಲ.

ಈಗ ಎಡಬದಿ, ಉತ್ತರದ ಗೋಡೆ. ಸೆವೆನ್ ಸಿಸ್ಟರ್ಸ್, ಅಂದರೆ ಏಳು ಅಕ್ಕತಂಗಿಯರು. ಒಂದರ ಪಕ್ಕ ಒಂದು ಏಳು ಧಾರೆ. ಅದರಲ್ಲಿ ಅತಿ ಉದ್ದದ ನೇರ ಬೀಳು ಸುಮಾರು 250 ಮೀಟರ್. ಜೋಗ 253 ಮೀಟರ್. ಹತ್ತಿರ ಹತ್ತಿರ ಅದೇ ಎತ್ತರ ಅಲ್ವಾ? ಜೋಗವನ್ನು ನಾವು ಎದುರು ದಂಡೆಯ ಮೇಲೆ, ಅದರ ನೆತ್ತಿಗೆ ಸಮವಾಗಿ ನಿಂತು ನೋಡುತ್ತೇವೆ. ಇಲ್ಲಿ ನಾವು ಬುಡದಲ್ಲಿರುತ್ತೇವೆ. ಏಳೂ ಧಾರೆ ಒಟ್ಟಿಗೆ ಕಾಣುವುದು ನೀರು ಜೋರಾಗಿದ್ದಾಗ ಮಾತ್ರ. ಬೇಸಿಗೆ ಮುಂದುವರಿದಂತೆ ಒಂದೊಂದೇ ಬತ್ತುತ್ತವೆ.

ಅದರ ಎದುರಿಗೆ, ಬಲಬದಿಯ ಗೋಡೆಯಲ್ಲಿ ಫ್ರಿಯಾರೆನ್ ಎಂಬ ಜಲಪಾತ. ಮದುವೆಗೆ ಹೆಣ್ಣು ಕೇಳಲು ಬಂದವನು ಅಂತ ಅದರ ಹೆಸರು. ಏಳು ಅಕ್ಕತಂಗಿಯರನ್ನೂ ಕೇಳಿದ, ಏಳೂ ಜನ ಒಲ್ಲೆ ಅಂದರು, ಅವನು ಬಾಟಲಿ ಹಿಡಿದ ಅಂತ ಅಲ್ಲಿಯವರು ಕಥೆ ಹೇಳುತ್ತಾರೆ. ಬಂಡೆಯ ಸುತ್ತ ಎರಡಾಗಿ ಹರಿದು ಕೂಡುವ ನೀರು ನಿಜಕ್ಕೂ ಬಾಟಲಿಯ ಆಕಾರದಲ್ಲಿ ಕಾಣುತ್ತದೆ, ಗಮನಿಸಿ.

ಜಲಪಾತ ಎಲ್ಲರ ಕಣ್ಣಿಗೂ ಬೀಳುತ್ತದೆ. ಬೈನಾಕ್ಯುಲರ್ ತೆಗೆದು ಹುಡುಕಬೇಕಾದದ್ದು ಹೊಲಮನೆಗಳನ್ನು. ಈ ಬಂಡೆಗೋಡೆಯ ನಡುವೆ ಚಾಪೆಯಷ್ಟು ಹಸಿರು ಕಂಡಲ್ಲೆಲ್ಲ ಒಂದು ಕಾಲದಲ್ಲಿ ಮನೆಯಿತ್ತು. ಬಲಬದಿಯಲ್ಲಿ, ನೀರಿನಿಂದ ಸುಮಾರು 250 ಮೀಟರ್ ಮೇಲೆ ಸ್ಕಾಗೆಫ್ಲೋ. ಆಡು ಸಾಕಿಕೊಂಡು ಬದುಕಿದ ಸಂಸಾರಗಳು ಅಲ್ಲಿದ್ದವು. ಉಪ್ಪು, ಹಿಟ್ಟು, ಒಲೆಯ ಕಬ್ಬಿಣ ಎಲ್ಲವನ್ನೂ ದೋಣಿಯಲ್ಲಿ ತಂದು, ಬೆನ್ನ ಮೇಲೆ ಹೊತ್ತು ಆ ಕಡಿದನ್ನು ಹತ್ತುತ್ತಿದ್ದರು. ದಾರಿಯ ಒಂದು ಕಡೆ ಏಣಿ ಇತ್ತಂತೆ. ತೆರಿಗೆ ವಸೂಲಿಗೆ ಅಧಿಕಾರಿ ಬಂದರೆ ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು ಅಂತ ಹೇಳುತ್ತಾರೆ. ಸಣ್ಣ ಮಕ್ಕಳು ಅಂಚಿನಿಂದ ಬೀಳದಂತೆ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರು. 1916ರಲ್ಲಿ ಕೊನೆಯ ಜನ ಇಳಿದು ಬಂದರು. 1993ರಲ್ಲಿ ನಾರ್ವೆಯ ರಾಜ ಹರಾಲ್ಡ್ ಮತ್ತು ರಾಣಿ ಸೋನ್ಯಾ ತಮ್ಮ ಮದುವೆಯ 25ನೇ ವರ್ಷವನ್ನು ಆಚರಿಸಿದ್ದು ಇದೇ ಮನೆಯಂಗಳದಲ್ಲಿ.

ಎಡಬದಿಯಲ್ಲಿ, ಏಳು ಅಕ್ಕತಂಗಿಯರ ಪಕ್ಕದಲ್ಲೇ ಕ್ನಿವ್ಸ್‌ಫ್ಲೋ. ಮೇಲಿನ ಬಂಡೆ ಉರುಳುವ ಭಯದಿಂದ 19ನೇ ಶತಮಾನದ ಕೊನೆಯಲ್ಲಿ ಅದನ್ನು ಬಿಟ್ಟು ಹೋದರು. ಈ ಮನೆಗಳು ಇನ್ನೂ ಬೀಳದೆ ನಿಂತಿರುವುದಕ್ಕೆ 1975ರಲ್ಲಿ ಹುಟ್ಟಿದ ಸ್ಟೋರ್‌ಫಿಯೋರ್ಡ್‌ನ ಗೆಳೆಯರು ಎಂಬ ಸಂಘ ಕಾರಣ. ಸದಸ್ಯರೇ ಮೇಲೆ ಹತ್ತಿ ಮಾಡು ಸರಿಪಡಿಸುತ್ತಾರೆ. ನನ್ನ ಮಟ್ಟಿಗೆ ಈ ಫಿಯೋರ್ಡ್‌ನ ಜೀವ ಇರುವುದು ಈ ಮನೆಗಳಲ್ಲೇ. ಕಲ್ಲು, ನೀರು ಬೇರೆ ಕಡೆಯೂ ಸಿಗುತ್ತವೆ. ಇಷ್ಟು ಕಷ್ಟದ ಜಾಗವನ್ನು ಮನೆ ಮಾಡಿಕೊಂಡ ಜನರ ಗುರುತು ಹೀಗೆ ಕಣ್ಣೆದುರು ಸಿಗುವುದು ಅಪರೂಪ.

## ಫೋಟೋ ತೆಗೆಯುವವರಿಗೆ

ಫೋನ್ ಅಥವಾ ಕ್ಯಾಮೆರಾವನ್ನು ಕಟಕಟೆಗೆ ಒತ್ತಿ ಹಿಡಿಯಬೇಡಿ. ಹಡಗಿನ ಎಂಜಿನ್ ನಡುಕ ಕಬ್ಬಿಣದಲ್ಲಿ ಹರಿದು ಚಿತ್ರ ಮಸುಕಾಗುತ್ತದೆ. ಮೊಣಕೈಯನ್ನು ಮೈಗೆ ಒತ್ತಿಕೊಂಡು ಕೈಯಲ್ಲೇ ಹಿಡಿಯಿರಿ, ಫೋನಿಗೆ ಕುತ್ತಿಗೆಯ ದಾರ ಇರಲಿ. ಬದಿಯ ಗೋಡೆಯ ಪನೋರಮಾ ತೆಗೆದರೆ ಹಡಗು ಚಲಿಸುವುದರಿಂದ ಚಿತ್ರ ಮುರಿದು ಬರುತ್ತದೆ. ಮುಂದಕ್ಕೆ ನೇರ ನೋಡುತ್ತಾ ತೆಗೆದರೆ ಸರಿಯಾಗುತ್ತದೆ. ಜಲಪಾತವನ್ನು ಒಂದನ್ನೇ ತೆಗೆದರೆ ಎತ್ತರ ಗೊತ್ತಾಗುವುದಿಲ್ಲ. ಅದರ ಕೆಳಗೆ ಒಂದು ಫೆರ್ರಿಯೋ ಕಯಾಕ್ ದೋಣಿಯೋ ಬರುವವರೆಗೆ ಕಾಯಿರಿ. ಡ್ರೋನ್ ಹಾರಿಸಲು ಹಡಗಿನಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ, ತರುವುದೇ ಬೇಡ.

ಹತ್ತು ನಿಮಿಷ ಫೋಟೋ, ಹತ್ತು ನಿಮಿಷ ಬರಿಗಣ್ಣು ಅಂತ ಹಂಚಿಕೊಳ್ಳಿ. ಊರಿಗೆ ವಿಡಿಯೋ ಕಾಲ್ ಮಾಡುವುದನ್ನು ಆಮೇಲೆ ದಡದಲ್ಲಿ ನಿಂತು ಮಾಡಬಹುದು. ಡೆಕ್ ಮೇಲೆ ಎಲ್ಲರೂ ಮೌನವಾಗಿ ಕೇಳಿಸಿಕೊಳ್ಳುತ್ತಿರುವಾಗ ಸ್ಪೀಕರ್ ಹಾಕಿ ಮಾತಾಡಿದರೆ ಪಕ್ಕದವರ ಗಂಟೆಯೂ ಹಾಳು.

## ಇಳಿಯುವುದು

ಗೈರಾಂಗರ್‌ನಲ್ಲಿ ಇಳಿಯಲು ಎರಡು ದಾರಿ. ಸೀವಾಕ್ ಎಂಬ ತೇಲುವ ಸೇತುವೆ 2013ರಿಂದ ಇದೆ. ದಡದಿಂದ ಚಾಚಿಕೊಂಡು ಬಂದು ಹಡಗಿಗೆ ಕೂಡಿಕೊಳ್ಳುತ್ತದೆ, ನೇರ ನಡೆದು ಹೋಗಬಹುದು. ಅದು ಬೇರೆ ಹಡಗಿಗೆ ಸಿಕ್ಕಿದ್ದರೆ ನಿಮ್ಮದು ನೀರಿನ ನಡುವೆ ನಿಲ್ಲುತ್ತದೆ. ಆಗ ಟೆಂಡರ್, ಅಂದರೆ ಹಡಗಿನಿಂದ ದಡಕ್ಕೆ ಕರೆದೊಯ್ಯುವ ಸಣ್ಣ ದೋಣಿ. ಹೆಚ್ಚಾಗಿ ಹಡಗಿನ ಜೀವರಕ್ಷಕ ದೋಣಿಗಳನ್ನೇ ಇದಕ್ಕೆ ಬಳಸುತ್ತಾರೆ. ಮೊದಲು ಟೋಕನ್ ತೆಗೆದುಕೊಳ್ಳಬೇಕು, ನಿಮ್ಮ ನಂಬರ್ ಕೂಗಿದಾಗ ಕೆಳಗಿನ ಮಹಡಿಗೆ ಹೋಗಬೇಕು. ದೋಣಿಗೆ ಕಾಲಿಡುವಾಗ ಸಿಬ್ಬಂದಿ ಕೈ ಹಿಡಿಯುತ್ತಾರೆ. ಅವರು ಹೇಳಿದ ಕ್ಷಣಕ್ಕೇ ಹೆಜ್ಜೆ ಇಡಿ. ಗಾಲಿಕುರ್ಚಿಯವರಿಗೆ ಟೆಂಡರ್‌ನಲ್ಲಿ ಕಷ್ಟ, ಹಿಂದಿನ ದಿನವೇ ವಿಚಾರಿಸಿ.

ತಕ್ಷಣ ಟೆಂಡರ್ ಸಾಲಿಗೆ ಓಡಬೇಡಿ. ಮೊದಲ ಒಂದು ಗಂಟೆ ಟೂರ್ ಗುಂಪುಗಳದ್ದೇ ಗದ್ದಲ. ಆ ಹೊತ್ತಿನಲ್ಲಿ ಹೊಟ್ಟೆ ತುಂಬ ತಿಂಡಿ ತಿನ್ನಿ. ಇಷ್ಟು ಹೊತ್ತು ಚಳಿಯಲ್ಲಿ ನಿಂತದ್ದಕ್ಕೆ ಆ ತಿಂಡಿಯ ರುಚಿಯೂ ಜಾಸ್ತಿ.

ಪಾಸ್‌ಪೋರ್ಟ್ ಪ್ರತಿ, ಹಡಗಿನ ಕಾರ್ಡ್, ಬ್ಯಾಂಕ್ ಕಾರ್ಡ್, ಮಾತ್ರೆ, ನೀರಿನ ಬಾಟಲಿ ಜೊತೆಗಿರಲಿ. ನಾರ್ವೆಯ ಹಣ ಕ್ರೋನೆ, ಆದರೆ ನಗದು ಬೇಕಾಗುವುದೇ ಇಲ್ಲ, ಎಲ್ಲ ಕಡೆ ಕಾರ್ಡ್ ನಡೆಯುತ್ತದೆ. ನಲ್ಲಿ ನೀರು ಕುಡಿಯಬಹುದು.

## ಊರಿನಲ್ಲಿ ಏನು ನೋಡುವುದು

ಗೈರಾಂಗರ್ ತುಂಬ ಸಣ್ಣ ಊರು. ವರ್ಷವಿಡೀ ಅಲ್ಲಿರುವವರು ಇನ್ನೂರೈವತ್ತು ಜನದ ಆಸುಪಾಸು. ಒಂದು ದೊಡ್ಡ ಹಡಗಿನಿಂದಲೇ ಮೂರು ನಾಲ್ಕು ಸಾವಿರ ಜನ ಇಳಿಯುತ್ತಾರೆ. ಇದನ್ನು ನೆನಪಿಟ್ಟುಕೊಂಡು ನಡೆದುಕೊಳ್ಳಿ. ಅಂಗಳಕ್ಕೆ ನುಗ್ಗಿ ಫೋಟೋ ತೆಗೆಯುವುದು, ಹುಲ್ಲುಗಾವಲಿನ ಮಧ್ಯೆ ನಡೆಯುವುದು ಬೇಡ. ಆ ಹುಲ್ಲು ಚಳಿಗಾಲಕ್ಕೆ ಅವರ ದನಕರುಗಳ ಮೇವು.

ಹವಾಮಾನ ನೋಡಿ ತೀರ್ಮಾನ ಮಾಡಿ. ಆಕಾಶ ತಿಳಿಯಾಗಿದ್ದರೆ ಡಾಲ್ಸ್‌ನಿಬ್ಬಾ ಬೆಟ್ಟ. 1,476 ಮೀಟರ್ ಎತ್ತರದ ತುದಿಯವರೆಗೂ ಬಸ್ಸು ಹೋಗುತ್ತದೆ. ಜೂನ್‌ನಲ್ಲೂ ರಸ್ತೆಯ ಎರಡೂ ಬದಿ ಹಿಮ ಇರುತ್ತದೆ. ನೀವು ಬಂದ ಹಡಗು ಕೆಳಗೆ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತದೆ. ಆದರೆ ಮೋಡ ಇಳಿದಿದ್ದರೆ ಅಲ್ಲಿ ಬಿಳಿ ಮಂಜು ಬಿಟ್ಟು ಏನೂ ಇಲ್ಲ. ಟಿಕೆಟ್ ಕೊಳ್ಳುವ ಮೊದಲು ಅಲ್ಲಿಯ ವೆಬ್‌ಕ್ಯಾಮ್ ನೋಡಿ.

ಮೋಡದ ದಿನ ಈಗಲ್ ರೋಡ್ ಒಳ್ಳೆಯದು. 1955ರಲ್ಲಿ ತೆರೆದ ರಸ್ತೆ. ಹನ್ನೊಂದು ಹಿಮ್ಮುರಿ ತಿರುವುಗಳನ್ನು ಹತ್ತಿ ಸುಮಾರು 620 ಮೀಟರ್ ಎತ್ತರಕ್ಕೆ ಹೋಗುತ್ತದೆ. ಮೇಲಿನ ತಿರುವಿನ ಕಟ್ಟೆಯಿಂದ ಬೆಳಿಗ್ಗೆ ನೀವು ಸಾಗಿ ಬಂದ ನೀರಿನ ದಾರಿ, ಏಳು ಅಕ್ಕತಂಗಿಯರು ಎಲ್ಲ ಕಾಣುತ್ತವೆ. ಇನ್ನೊಂದು ದಿಕ್ಕಿನಲ್ಲಿ ಫ್ಲೀದಾಲ್ಸ್‌ಯುವೆಟ್ ಎಂಬ ವ್ಯೂ ಪಾಯಿಂಟ್, ಕ್ಯಾಲೆಂಡರ್‌ಗಳಲ್ಲಿ ಬರುವ ಚಿತ್ರ ಅಲ್ಲಿಂದಲೇ ತೆಗೆದದ್ದು. ಬೇಲಿ ದಾಟಿ ಬಂಡೆಯ ತುದಿಗೆ ಹೋಗಬೇಡಿ.

ಬಸ್ಸಿನ ಗೊಡವೆಯೇ ಬೇಡ ಅನ್ನುವವರು ನಡೆಯಬಹುದು. ಬಂದರಿನ ಪಕ್ಕದಿಂದಲೇ ಸ್ಟೋರ್‌ಫೊಸೆನ್ ಎಂಬ ಜಲಪಾತದ ಅಂಚಿನಲ್ಲಿ 327 ಮೆಟ್ಟಿಲ ದಾರಿ ಇದೆ. ಮೆಟ್ಟಿಲು ಉಕ್ಕಿನವು, ನೀರಿನ ಹನಿ ಮುಖಕ್ಕೆ ಸಿಡಿಯುತ್ತದೆ. ಹತ್ತಿದರೆ ಮೇಲೆ ಫಿಯೋರ್ಡ್ ಸೆಂಟರ್ ಮ್ಯೂಸಿಯಂ. ಮಂಡಿ ನೋವಿದ್ದವರು ರಸ್ತೆಯಲ್ಲೇ ನಿಧಾನವಾಗಿ ಹೋಗಬಹುದು. ದಾರಿಯಲ್ಲಿ 1842ರ ಎಂಟು ಮೂಲೆಯ ಮರದ ಚರ್ಚ್ ಸಿಗುತ್ತದೆ. ಅದರ ಅಂಗಳದ ಬೆಂಚಿನಿಂದ ಕಾಣುವ ನೋಟಕ್ಕೆ ಟಿಕೆಟ್ ಇಲ್ಲ.

ತಿನ್ನಲು ವಾಫಲ್ ಮತ್ತು ಬ್ರೂನೊಸ್ಟ್ ಕೇಳಿ. ಹಾಲೊಡಕಿನ ನೀರನ್ನು ಕಂದು ಬಣ್ಣಕ್ಕೆ ಬರುವವರೆಗೆ ಕುದಿಸಿ ಮಾಡುವ ಸಿಹಿಯಾದ ಚೀಸ್ ಅದು. ವಾಫಲ್‌ಗೆ ಮೊಟ್ಟೆ ಹಾಕಿರುತ್ತಾರೆ, ತಿನ್ನದವರು ಗಮನಿಸಿ. ಊರಿನವರ ಅಂಗಡಿಯಲ್ಲೇ ಏನಾದರೂ ಕೊಳ್ಳಿ.

ವಾಪಸ್ ಹತ್ತುವ ಕೊನೆಯ ಸಮಯ ಹಾಳೆಯಲ್ಲಿ ಇರುತ್ತದೆ. ಕೊನೆಯ ಟೆಂಡರ್‌ಗೆ ಉದ್ದ ಸಾಲು ಇರುತ್ತದೆ, ಒಂದು ಗಂಟೆ ಮೊದಲೇ ಬನ್ನಿ. ಹಡಗಿನವರದೇ ಟೂರ್ ತಡವಾದರೆ ಹಡಗು ಕಾಯುತ್ತದೆ. ಸ್ವಂತ ಸುತ್ತಾಟದಲ್ಲಿ ತಡವಾದರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಬೇಕು.

## ಮಳೆ ಬಂದರೆ

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಮಳೆ ಸಾಮಾನ್ಯ. ದಿನ ಹಾಳಾಯಿತು ಅಂದುಕೊಳ್ಳಬೇಡಿ. ಮಳೆ ಬಿದ್ದ ಒಂದೆರಡು ಗಂಟೆಯಲ್ಲಿ, ಮ್ಯಾಪ್‌ನಲ್ಲಿ ಹೆಸರೇ ಇಲ್ಲದ ನೂರಾರು ಸಣ್ಣ ಧಾರೆಗಳು ಗೋಡೆಯ ಮೇಲೆ ಶುರುವಾಗುತ್ತವೆ. ಮೋಡ ಬೆಟ್ಟದ ನಡುವಿಗೆ ಇಳಿದಾಗ ನೀರು ಆಕಾಶದಿಂದಲೇ ಬೀಳುತ್ತಿರುವಂತೆ ಕಾಣುತ್ತದೆ. ಮಲೆನಾಡಿನ ಮಳೆ ಕಂಡವರಿಗೆ ಇದು ಇಷ್ಟವಾಗದೇ ಇರದು. ಲೆನ್ಸ್ ಒರೆಸಲು ಒಂದು ಒಣ ಹತ್ತಿಬಟ್ಟೆ, ಫೋನಿಗೆ ಪ್ಲಾಸ್ಟಿಕ್ ಚೀಲ ಇದ್ದರೆ ಸಾಕು.

## ಹೊರಗೆ ಹೋಗುವ ದಾರಿ ಮತ್ತು ರಾತ್ರಿ

ಸಂಜೆ ಐದು ಆರಕ್ಕೆ ಹೊರಡುವ ಹಡಗಾದರೆ ಮೊದಲ ಪಾಳಿಯ ಊಟ ಇದೇ ಹೊತ್ತಿಗೆ ಬರುತ್ತದೆ. ಆ ದಿನ ಮಾತ್ರ ಎರಡನೇ ಪಾಳಿಗೆ ಬದಲಿಸಿಕೊಡಿ ಅಂತ ಬೆಳಿಗ್ಗೆಯೇ ಕೇಳಿ. ಆಗದಿದ್ದರೆ ಬಫೆಯಲ್ಲಿ ತಿನ್ನಿ. ಸಂಜೆಯ ಬಿಸಿಲು ಪಶ್ಚಿಮದಿಂದ ಬರುವುದರಿಂದ ಎದುರಿಗೆ ಕಣ್ಣು ಕುಕ್ಕುತ್ತದೆ. ಆದರೆ ದಕ್ಷಿಣಕ್ಕೆ ಮುಖ ಮಾಡಿರುವ ಉತ್ತರದ ಗೋಡೆಗೆ, ಈಗ ಅದು ನಿಮ್ಮ ಬಲಬದಿ, ಬೆಳಿಗ್ಗೆಗಿಂತ ಒಳ್ಳೆಯ ಬೆಳಕು ಬಿದ್ದಿರುತ್ತದೆ. ಬೆಳಿಗ್ಗೆ ಜಾಗ ಗುರುತಿಸಿಕೊಂಡ ಹೊಲಮನೆಗಳು ಈಗ ಸುಲಭವಾಗಿ ಸಿಗುತ್ತವೆ. ಈ ಸಲ ಮಕ್ಕಳ ಕೈಗೆ ಬೈನಾಕ್ಯುಲರ್ ಕೊಟ್ಟು ಹುಡುಕಲು ಹೇಳಿ.

ಮುಂದಿನ ವರ್ಷಗಳಿಗೆ ಯೋಜನೆ ಹಾಕುವವರಿಗೆ ಒಂದು ವಿಷಯ. ವಿಶ್ವ ಪರಂಪರೆಯ ಫಿಯೋರ್ಡ್‌ಗಳಲ್ಲಿ ಹಡಗುಗಳ ಹೊಗೆ ಪೂರ್ತಿ ನಿಲ್ಲಬೇಕು ಅಂತ ನಾರ್ವೆಯ ಸಂಸತ್ತು 2018ರಲ್ಲಿ ನಿರ್ಣಯ ಮಾಡಿತು. 10,000 ಟನ್‌ಗಿಂತ ಸಣ್ಣ ಪ್ರಯಾಣಿಕ ಹಡಗುಗಳಿಗೆ ಇದು 2026ರ ಜನವರಿಯಿಂದ, ದೊಡ್ಡವಕ್ಕೆ 2032ರಿಂದ. ದೊಡ್ಡ ಹಡಗುಗಳ ಮಾರ್ಗಗಳು ಬದಲಾಗುತ್ತಾ ಹೋಗುವುದು ಸಹಜ, ಬುಕ್ ಮಾಡುವಾಗ ಗೈರಾಂಗರ್ ಇದೆಯೇ ಅಂತ ಖಚಿತ ಮಾಡಿಕೊಳ್ಳಿ. ಆ ಇಕ್ಕಟ್ಟಾದ ಕಣಿವೆಯಲ್ಲಿ ಗಾಳಿಯಿಲ್ಲದ ದಿನ ಹೊಗೆ ನೀರಿನ ಮೇಲೇ ಪದರವಾಗಿ ನಿಂತದ್ದನ್ನು ಕಂಡವರಿಗೆ ಈ ನಿಯಮ ಬೇಕೇ ಬೇಕು ಅನ್ನಿಸುತ್ತದೆ. ಹಡಗೇ ಬೇಡ ಅನ್ನುವವರಿಗೆ ಗೈರಾಂಗರ್ ಮತ್ತು ಹೆಲ್ಲೆಸುಲ್ಟ್ ನಡುವೆ ಸುಮಾರು ಒಂದು ಗಂಟೆಯ ಫೆರ್ರಿ ಇದೆ. ಇದೇ ಜಲಪಾತಗಳ ಮುಂದೆ ಹಾದು ಹೋಗುತ್ತದೆ.

ಫಿಯೋರ್ಡ್ ಒಳಗೆ ನೀರು ತಟ್ಟೆಯಂತೆ ಶಾಂತ. ತೆರೆದ ಸಮುದ್ರಕ್ಕೆ ಬಂದ ಮೇಲೆ ಹಾಗಲ್ಲ. ಹಡಗು ಅಲ್ಲಿಂದ ದಕ್ಷಿಣಕ್ಕೆ, ಬರ್ಗನ್ ಕಡೆಗೆ ಹೋಗುವುದಾದರೆ ಸ್ಟಾಡ್ ಎಂಬ ಮೂಲೆಯನ್ನು ಸುತ್ತಬೇಕು. ಒರಟು ಅಲೆಗೆ ಹೆಸರಾದ ಜಾಗ. ತಲೆ ಸುತ್ತುವ ಅಭ್ಯಾಸ ಇದ್ದವರು, ವೈದ್ಯರನ್ನು ಕೇಳಿ ತಂದ ಮಾತ್ರೆಯನ್ನು ಫಿಯೋರ್ಡ್‌ನಲ್ಲಿ ಇರುವಾಗಲೇ ತೆಗೆದುಕೊಳ್ಳಿ. ವಾಕರಿಕೆ ಶುರುವಾದ ಮೇಲೆ ಅದು ಅಷ್ಟು ಕೆಲಸ ಮಾಡುವುದಿಲ್ಲ. ರಾತ್ರಿ ಊಟ ಹಗುರವಾಗಿರಲಿ. ಮೇಜಿನ ಮೇಲಿನ ಕನ್ನಡಕ, ಕ್ಯಾಮೆರಾ, ಫ್ಲಾಸ್ಕ್ ಎಲ್ಲ ಡ್ರಾಯರ್ ಒಳಗೆ ಇಡಿ. ಕಿಟಕಿಯ ದಪ್ಪ ಪರದೆಯನ್ನು ಪೂರ್ತಿ ಎಳೆದುಕೊಳ್ಳಿ, ಇಲ್ಲದಿದ್ದರೆ ಹನ್ನೊಂದು ಗಂಟೆಯ ಬೆಳಕಿನಲ್ಲಿ ಮಕ್ಕಳು ಮಲಗುವುದೇ ಇಲ್ಲ.